ದೋಣಿಯ ಡೆಕ್‌ನ ಕೇಬಲ್ ತೂತು ಸೋರುತ್ತಿದೆಯಾ? ಸೀಲಂಟ್ ಮೆತ್ತುವ ಮೊದಲು ದಾರಿ ಹುಡುಕಿ

ಕ್ಯಾಬಿನ್ ಒಳಗೆ ಕೇಬಲ್ ಗುಂಟ ನೀರು ಇಳಿಯುತ್ತಿದೆ. ಮೇಲೆ ಹೋಗಿ ನೋಡಿದರೆ ಗ್ಲ್ಯಾಂಡ್ (ಕೇಬಲ್ ತೂತಿಗೆ ನೀರು ಬರದಂತೆ ಹಾಕುವ, ಒಳಗೆ ರಬ್ಬರ್ ಇರುವ ಬಿರಡೆ) ಗಟ್ಟಿಯಾಗೇ ಕೂತಿದೆ. ಬಿರುಕು ಇಲ್ಲ, ಅಲುಗಾಟ ಇಲ್ಲ. ಇಂಥ ಹೊತ್ತಲ್ಲಿ ಬಹಳ ಜನ ಮಾಡುವುದು ಒಂದೇ ಕೆಲಸ: ಸೀಲಂಟ್ ಟ್ಯೂಬ್ ತಂದು ಗ್ಲ್ಯಾಂಡ್ ಸುತ್ತ ದಪ್ಪಗೆ ಮೆತ್ತುವುದು. ಕೆಲವು ಸಲ ಸೋರುವುದು ನಿಲ್ಲುತ್ತದೆ. ನಿಲ್ಲದಿದ್ದರೆ ತಲೆನೋವು ಜಾಸ್ತಿ ಆಗುತ್ತದೆ, ಯಾಕೆಂದರೆ ಆ ಮೆತ್ತಿದ ರಾಡಿಯ ಕೆಳಗೆ ನಿಜವಾದ ಸಂದು ಎಲ್ಲಿದೆ ಅಂತ ಇನ್ನು ಕಾಣುವುದೇ ಇಲ್ಲ.

ಕೇಬಲ್ ಇರುವ ಜಾಗದಲ್ಲಿ ನೀರು ಒಳಗೆ ಬರಲು ನಾಲ್ಕು ದಾರಿ ಇವೆ. ಗ್ಲ್ಯಾಂಡಿನ ತಳಕ್ಕೂ ಡೆಕ್‌ಗೂ ನಡುವೆ. ಗ್ಲ್ಯಾಂಡಿನ ರಬ್ಬರಿಗೂ ಕೇಬಲ್‌ಗೂ ನಡುವೆ. ಕೇಬಲ್‌ನ ಒಳಗಿಂದಲೇ. ಇಲ್ಲವೇ ನೀರು ಬೇರೆಲ್ಲಿಂದಲೋ ಬಂದು ಕೇಬಲ್ ಹಿಡಿದುಕೊಂಡು ಇಳಿಯುತ್ತಿದೆ, ಗ್ಲ್ಯಾಂಡ್ ಪಾಪ ಏನೂ ಮಾಡಿಲ್ಲ. ನಾಲ್ಕಕ್ಕೂ ರಿಪೇರಿ ಬೇರೆ ಬೇರೆ. ಒಂದರ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ. ಹಾಗಾಗಿ ಯಾವ ದಾರಿ ಅಂತ ಖಚಿತ ಆಗುವವರೆಗೆ ಟ್ಯೂಬಿನ ಮುಚ್ಚಳ ತೆಗೆಯಬೇಡಿ.

ಮೊದಲು ಕರೆಂಟ್

ನೀರು ಮತ್ತು ವೈರ್ ಒಂದೇ ಕಡೆ ಇವೆ, ಮರೆಯಬೇಡಿ. ದಡದಿಂದ ಕರೆಂಟ್ ತರುವ ಕೇಬಲ್ ಇದ್ದರೆ ಅದರ ಪ್ಲಗ್ ಕಿತ್ತುಬಿಡಿ. ಸ್ವಿಚ್ ಆಫ್ ಮಾಡಿದರೆ ಸಾಲದು. ಇನ್ವರ್ಟರ್ ಆಫ್ ಮಾಡಿ. ಬ್ಯಾಟರಿಯ ಮೇನ್ ಸ್ವಿಚ್ ಕೂಡ ಆಫ್ ಮಾಡಿ. ಸೋರುವುದು ಸೋಲಾರ್ ಪ್ಯಾನೆಲ್‌ನ ಕೇಬಲ್ ಆಗಿದ್ದರೆ ಪ್ಯಾನೆಲ್ ಮೇಲೆ ದಪ್ಪ ಬಟ್ಟೆ ಹೊದಿಸಿ. ಬಿಸಿಲು ಬೀಳುತ್ತಿರುವಷ್ಟು ಹೊತ್ತು ಆ ವೈರಿನಲ್ಲಿ ಕರೆಂಟ್ ಇದ್ದೇ ಇರುತ್ತದೆ, ಅದಕ್ಕೆ ಆಫ್ ಅನ್ನುವುದೇ ಇಲ್ಲ.

ಯಾವ ನೀರು ಇದು?

ಒಳಗಿನ ಹನಿಯನ್ನು ಒಂದು ಗಾಜಿನ ಚೂರಿನ ಮೇಲೋ ಕಪ್ಪು ಪ್ಲಾಸ್ಟಿಕ್ ಮೇಲೋ ಹಿಡಿದು ಒಣಗಲು ಬಿಡಿ. ಬಿಳಿ ಪುಡಿ ಉಳಿದರೆ ಸಮುದ್ರದ ನೀರು. ಏನೂ ಉಳಿಯದಿದ್ದರೆ ಮಳೆ ನೀರು, ಇಲ್ಲವೇ ಒಳಗಿನ ತೇವವೇ ತಣ್ಣಗಾಗಿ ಕಟ್ಟಿಕೊಂಡ ಹನಿ. ಒಂದು ಎಚ್ಚರ: ಹಳೆಯ ಉಪ್ಪು ಮೊದಲೇ ದಾರಿಯಲ್ಲಿ ಕೂತಿದ್ದರೆ ಮಳೆ ನೀರೂ ಅದನ್ನು ಕರಗಿಸಿಕೊಂಡು ಬಂದು ಉಪ್ಪುಪ್ಪಾಗೇ ಇರುತ್ತದೆ. ನಾಲಿಗೆಗೆ ಹಚ್ಚಿ ನೋಡುವ ಅಭ್ಯಾಸ ಕೆಲವರಿಗಿದೆ. ದೋಣಿಯ ತಳದ ನೀರಿನಲ್ಲಿ ಡೀಸೆಲ್, ಆಯಿಲ್ ಎಲ್ಲಾ ಇರುತ್ತದೆ, ಬೇಡ.

ಒಳಗಿನ ತೇವದ ಹನಿಗೂ ಸೋರಿಕೆಗೂ ವ್ಯತ್ಯಾಸ ತಿಳಿಯಲು ದಾರಿ ಇದೆ. ತೇವದ ಹನಿ ಮಳೆಗಾಗಿ ಕಾಯುವುದಿಲ್ಲ. ತಂಪು ರಾತ್ರಿ ಕಳೆದ ಬೆಳಿಗ್ಗೆ ಬರುತ್ತದೆ, ಒಳಗೆ ಜನ ಮಲಗಿದ್ದರೆ ಅಥವಾ ಅಡುಗೆ ಮಾಡಿದ್ದರೆ ಜಾಸ್ತಿ ಬರುತ್ತದೆ. ಗ್ಲ್ಯಾಂಡಿನ ಲೋಹದ ನಟ್, ಬೋಲ್ಟುಗಳ ತುದಿ, ಲೋಹದ ಡೆಕ್‌ನ ಒಳಮೈ, ಇವುಗಳ ಮೇಲೆಲ್ಲ ಸಣ್ಣ ಸಣ್ಣ ಹನಿ ಸಮವಾಗಿ ಕೂತಿರುತ್ತವೆ. ಸೋರಿಕೆ ಹಾಗಲ್ಲ. ಅದು ಒಂದು ಗೆರೆ ಹಿಡಿದು ಇಳಿಯುತ್ತದೆ. ಅನುಮಾನ ಇದ್ದರೆ ಒಳಗಿನ ನಟ್ ಮತ್ತು ಸುತ್ತಲಿನ ಜಾಗವನ್ನು ಚೆನ್ನಾಗಿ ಒರೆಸಿ, ಅದರ ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಹಾಕಿ ಅಂಟಿಸಿ. ಮರುದಿನ ಹಾಳೆಯ ಕ್ಯಾಬಿನ್ ಕಡೆಯ ಮೈ ಒದ್ದೆಯಾಗಿದ್ದು ಒಳಭಾಗ ಒಣಗಿದ್ದರೆ ಅದು ಗಾಳಿಯ ತೇವ. ಹಾಳೆಯ ಒಳಗೆ ನೀರು ನಿಂತಿದ್ದರೆ ಸೋರಿಕೆ. ತೇವವೇ ಅಂತಾದರೆ ನಟ್ ಮೇಲೆ ನೀರು ಹೀರದ (ಕ್ಲೋಸ್ಡ್ ಸೆಲ್) ಫೋಮ್ ಅಂಟಿಸಿ, ಗಾಳಿ ಆಡುವ ಹಾಗೆ ಮಾಡಿ. ಗ್ಲ್ಯಾಂಡ್ ಮುಟ್ಟುವುದೇ ಬೇಡ.

ಟಿಶ್ಯೂ, ಕ್ಲೇ ಮತ್ತು ನೀರಿನ ಪೈಪ್

ಈಗ ನಿಜವಾದ ಪರೀಕ್ಷೆ. ಇದಕ್ಕೆ ಇಬ್ಬರು ಬೇಕು, ಒಬ್ಬರು ಮೇಲೆ, ಒಬ್ಬರು ಟಾರ್ಚ್ ಹಿಡಿದು ಒಳಗೆ. ಒಳಗಿನ ಫಾಲ್ಸ್ ಸೀಲಿಂಗ್ ಹಾಳೆ ಇದ್ದರೆ ಬಿಚ್ಚಿ. ಅದನ್ನು ಬಿಚ್ಚದೆ ಮಾಡುವ ಪರೀಕ್ಷೆಗೆ ಬೆಲೆಯಿಲ್ಲ, ಯಾಕೆಂದರೆ ನೀರು ಆ ಹಾಳೆಯ ಮೇಲೆ ಹರಿದು ಎಲ್ಲೋ ಒಂದು ಮೀಟರ್ ಆಚೆ ಹನಿ ಹಾಕುತ್ತದೆ.

ಒಣ ಟಿಶ್ಯೂ ಪೇಪರನ್ನು ಎರಡು ಕಡೆ ಸುತ್ತಿ. ಒಂದು, ಗ್ಲ್ಯಾಂಡಿನ ಒಳ ನಟ್ ಸುತ್ತ, ಡೆಕ್‌ನ ಒಳಮೈಗೆ ತಾಗುವ ಹಾಗೆ ಉಂಗುರವಾಗಿ. ಇನ್ನೊಂದು, ಅದಕ್ಕಿಂತ ನಾಲ್ಕು ಬೆರಳು ಕೆಳಗೆ, ಕೇಬಲ್ ಮೇಲೆ. ಮೇಲಿನ ಉಂಗುರದ ಹೊರ ಅಂಚು ಮೊದಲು ಒದ್ದೆಯಾದರೆ ನೀರು ಬೇರೆ ಕಡೆಯಿಂದ ಡೆಕ್‌ನ ಅಡಿಗುಂಟ ಹರಿದು ಬರುತ್ತಿದೆ. ಉಂಗುರದ ಒಳ ಅಂಚು, ಅಂದರೆ ನಟ್‌ಗೆ ತಾಗಿದ ಭಾಗ, ಮೊದಲು ಕಪ್ಪಾದರೆ ತಳದ ಸೋರಿಕೆ. ಮೇಲಿನದು ಒಣಗೇ ಇದ್ದು ಕೇಬಲ್ ಮೇಲಿನ ಟಿಶ್ಯೂ ಮಾತ್ರ ನೆನೆದರೆ ನೀರು ಕೇಬಲ್ ಮೈ ಹಿಡಿದು ಗ್ಲ್ಯಾಂಡ್ ಒಳಗಿಂದ ಜಾರುತ್ತಿದೆ. ಎರಡೂ ಒಣಗಿದ್ದು, ಕೇಬಲ್ ಕೊನೆಯಾಗುವ ಜಂಕ್ಷನ್ ಬಾಕ್ಸಿನಲ್ಲಿ ಮಾತ್ರ ನೀರಿದ್ದರೆ ಅದು ಕೇಬಲ್ ಒಳಗಿನ ಪ್ರಯಾಣ. ಟಿಶ್ಯೂ ಬಣ್ಣ ಬದಲಾಗುವ ಆ ಮೊದಲ ಕ್ಷಣವನ್ನೇ ನೋಡಬೇಕು. ಒಂದು ನಿಮಿಷ ತಡವಾದರೆ ಎಲ್ಲವೂ ಒದ್ದೆ, ಏನೂ ಗೊತ್ತಾಗುವುದಿಲ್ಲ.

ಮೇಲೆ, ಗ್ಲ್ಯಾಂಡ್ ಸುತ್ತ ಮಕ್ಕಳು ಆಡುವ ಕ್ಲೇಯಿಂದ ಒಂದು ಪುಟ್ಟ ಕಟ್ಟೆ ಕಟ್ಟಿ. ಅದರಲ್ಲಿ ಮೊದಲು ಗ್ಲ್ಯಾಂಡಿನ ತಳ ಮಾತ್ರ ಮುಳುಗುವಷ್ಟು ನೀರು ಬಿಡಿ, ಕೇಬಲ್ ಒಳಹೋಗುವ ಬಾಯಿ ನೀರಿನ ಮೇಲೇ ಇರಲಿ. ನೀರಿಗೆ ಸ್ವಲ್ಪ ತಿನ್ನುವ ಬಣ್ಣ ಹಾಕಿದರೆ ಟಿಶ್ಯೂ ಮೇಲೆ ಗುರುತಿಸಲು ಸುಲಭ. ಅರ್ಧ ಗಂಟೆ ಕಾಯಿರಿ. ಒಳಗೆ ಬಣ್ಣ ಕಂಡರೆ ತಳವೇ ಕಳ್ಳ. ಕಾಣದಿದ್ದರೆ ಕಟ್ಟೆ ಎತ್ತರಿಸಿ, ಗ್ಲ್ಯಾಂಡಿನ ಬಾಯಿಯೂ ಮುಳುಗುವವರೆಗೆ ನೀರು ತುಂಬಿ. ಈಗ ಬಂದರೆ ರಬ್ಬರ್ ಮತ್ತು ಕೇಬಲ್ ನಡುವಿನ ಸಂದು. ಇಷ್ಟು ಸರಳ ಪರೀಕ್ಷೆ ಎರಡು ದಾರಿಗಳನ್ನು ಸ್ಪಷ್ಟವಾಗಿ ಬೇರೆ ಮಾಡಿಕೊಡುತ್ತದೆ. ಆದರೂ ಇದನ್ನು ಮಾಡುವವರು ಕಮ್ಮಿ.

ಕಟ್ಟೆಯಲ್ಲಿ ಏನೂ ಸಿಗದಿದ್ದರೆ ಪೈಪ್ ಹಿಡಿಯಿರಿ. ಇಲ್ಲಿ ನಿಯಮ ಒಂದೇ: ಕೆಳಗಿನಿಂದ ಮೇಲಕ್ಕೆ. ಇಳಿಜಾರಿನಲ್ಲಿ ಅತಿ ಕೆಳಗಿರುವ ಜಾಗಕ್ಕೆ ಮೊದಲು ನೀರು ಬಿಡಿ, ಹತ್ತು ನಿಮಿಷ ಕಾದು ನೋಡಿ, ಆಮೇಲೆ ಒಂದು ಹೆಜ್ಜೆ ಮೇಲಕ್ಕೆ ಹೋಗಿ. ಮೇಲಿನಿಂದ ಶುರು ಮಾಡಿದರೆ ನೀರು ಎಲ್ಲದರ ಮೇಲೂ ಹರಿದು ಇಡೀ ಪರೀಕ್ಷೆ ಹಾಳು. ಒತ್ತಡ ಜಾಸ್ತಿ ಬೇಡ, ಧಾರೆ ಸುಮ್ನೆ ಹರಿದರೆ ಸಾಕು. ಗ್ಲ್ಯಾಂಡಿಗೆ ಪ್ಲಾಸ್ಟಿಕ್ ಕವರ್ ಕಟ್ಟಿ, ಅದರ ಮೇಲ್ಭಾಗದಲ್ಲಿರುವ ರೇಲಿಂಗ್ ಕಂಬದ ಬುಡ, ಹ್ಯಾಚ್ (ಡೆಕ್‌ನ ಮುಚ್ಚಳದ ಬಾಗಿಲು) ಅಂಚು, ಕಿಟಕಿ ಚೌಕಟ್ಟು, ಹಗ್ಗ ಕಟ್ಟುವ ಗೂಟದ ಬೋಲ್ಟು ಎಲ್ಲವನ್ನೂ ಒಂದೊಂದಾಗಿ ನೆನೆಸಿ. ನಾಲ್ಕನೇ ದಾರಿ ಸಿಗುವುದು ಇಲ್ಲಿಯೇ, ಮತ್ತು ಅದು ಜನ ಅಂದುಕೊಂಡಿದ್ದಕ್ಕಿಂತ ಜಾಸ್ತಿ ಸಲ ಸಿಗುತ್ತದೆ.

ನೀರಿಗೆ ಬಗ್ಗದ ಸೋರಿಕೆಗೆ ಗಾಳಿ ಇದೆ. ಕ್ಯಾಬಿನ್‌ನ ಎಲ್ಲಾ ಕಿಟಕಿ, ವೆಂಟಿಲೇಟರ್‌ಗಳನ್ನು ಟೇಪ್ ಹಾಕಿ ಮುಚ್ಚಿ, ಒಂದು ಹ್ಯಾಚ್‌ನಲ್ಲಿ ರಟ್ಟು ಕೂರಿಸಿ, ಅದರ ತೂತಿನಿಂದ ಬ್ಲೋವರ್ ಮೂಲಕ ಒಳಗೆ ಗಾಳಿ ಊದಿ. ಹೊರಗೆ ಗ್ಲ್ಯಾಂಡ್ ಸುತ್ತ ಸೋಪಿನ ನೀರು ಬಳಿಯಿರಿ. ಸಂದು ಇರುವ ಕಡೆ ಗುಳ್ಳೆ ಏಳುತ್ತದೆ. ನೀರಿನ ಪರೀಕ್ಷೆ ಒಳಗಿನ ತುದಿಯನ್ನು ತೋರಿಸಿದರೆ ಇದು ಹೊರಗಿನ ತುದಿಯನ್ನು ತೋರಿಸುತ್ತದೆ. ರಿಪೇರಿ ಮಾಡಬೇಕಾದ್ದು ಹೊರಗಿನ ತುದಿಯನ್ನೇ ಅಲ್ವಾ?

ತಳ ಸೋರುತ್ತಿದ್ದರೆ

ಇಲ್ಲಿ ಅವಸರ ಬೇಡ, ಯಾಕೆಂದರೆ ಸೋರುವ ಹನಿಗಿಂತ ದೊಡ್ಡ ಸಮಸ್ಯೆ ಡೆಕ್ ಒಳಗೆ ಅಡಗಿರಬಹುದು. ಬಹಳಷ್ಟು ಫೈಬರ್ ಗ್ಲಾಸ್ ದೋಣಿಗಳ ಡೆಕ್ ಒಂದೇ ಗಟ್ಟಿ ಹಾಳೆಯಲ್ಲ. ಮೇಲೊಂದು ತೆಳು ಪದರ, ಕೆಳಗೊಂದು ತೆಳು ಪದರ, ನಡುವೆ ಬಾಲ್ಸಾ ಮರ, ಪ್ಲೈವುಡ್ ಅಥವಾ ಫೋಮಿನ ತಿರುಳು. ಕೇಬಲ್‌ಗಾಗಿ ಕೊರೆದ ತೂತು ಈ ತಿರುಳನ್ನು ಬಯಲು ಮಾಡುತ್ತದೆ. ಗ್ಲ್ಯಾಂಡಿನ ತಳದಲ್ಲಿ ಕೂದಲೆಳೆಯಷ್ಟು ಸಂದು ಬಿದ್ದರೂ ನೀರು ಮೊದಲು ಹೋಗುವುದು ತಿರುಳಿಗೆ. ಕ್ಯಾಬಿನ್‌ಗೆ ಹನಿ ಬೀಳುವ ಹೊತ್ತಿಗೆ ಸುತ್ತಲಿನ ಮರ ಕುಡಿದು ಸಾಕಾಗಿರುತ್ತದೆ.

ಸ್ಕ್ರೂಡ್ರೈವರ್‌ನ ಪ್ಲಾಸ್ಟಿಕ್ ಹಿಡಿಯಿಂದ ಡೆಕ್ ಮೇಲೆ ಮೆಲ್ಲಗೆ ತಟ್ಟುತ್ತಾ ಬನ್ನಿ. ದೂರದಿಂದ ಶುರು ಮಾಡಿ ಗ್ಲ್ಯಾಂಡ್ ಕಡೆಗೆ. ಚೆನ್ನಾಗಿರುವ ಡೆಕ್ ಟಣ್ ಅಂತ ಚುರುಕಾಗಿ ಸದ್ದು ಕೊಡುತ್ತದೆ. ನೆನೆದ ಅಥವಾ ಪದರ ಬಿಟ್ಟ ಜಾಗ ದಪ್ ಅನ್ನುತ್ತದೆ. ದನಿ ಬದಲಾಗುವ ಕಡೆ ಪೆನ್ಸಿಲ್ ಗುರುತು ಹಾಕುತ್ತಾ ಹೋದರೆ ಒಂದು ನಕ್ಷೆಯೇ ಆಗುತ್ತದೆ. ಗ್ಲ್ಯಾಂಡ್ ಬಿಚ್ಚಿದ ಮೇಲೆ ತೂತಿನ ಗೋಡೆಯನ್ನು ಉಗುರಿನಿಂದ ಒತ್ತಿ ನೋಡಿ. ಮರ ಮೆತ್ತಗಿದ್ದು ಕಂದು ನೀರು ಬಿಟ್ಟರೆ ತಿರುಳು ಕೊಳೆತಿದೆ. ಅಂಗೈಯಗಲ ಇದ್ದರೆ ಕೈಯಾರೆ ರಿಪೇರಿ ಆಗುತ್ತದೆ. ಅದಕ್ಕಿಂತ ದೊಡ್ಡದಾದರೆ ಮೇಲಿನ ಪದರ ಕತ್ತರಿಸಿ ತಿರುಳು ಬದಲಿಸಬೇಕು. ಅದು ಬೇರೆಯೇ ಕೆಲಸ, ಗ್ಲ್ಯಾಂಡ್ ರಿಪೇರಿ ಅಂತ ಅದನ್ನು ಶುರು ಮಾಡಬೇಡಿ.

ತಿರುಳು ಗಟ್ಟಿಯಾಗಿದ್ದರೆ ಅಥವಾ ಸ್ವಲ್ಪವೇ ಹಾಳಾಗಿದ್ದರೆ ಕ್ರಮ ಹೀಗೆ. ಬಾಗಿಸಿದ ಮೊಳೆಯನ್ನು ಡ್ರಿಲ್ಲಿಗೆ ಹಾಕಿ ತಿರುಗಿಸುತ್ತಾ ಎರಡು ಪದರಗಳ ನಡುವಿನ ತಿರುಳನ್ನು ತೂತಿನ ಸುತ್ತ 10ರಿಂದ 12 ಮಿ.ಮೀ. ಕೆರೆದು ತೆಗೆಯಿರಿ. ಒಣಗಲು ಬಿಡಿ. ಇಲ್ಲಿ ನಿಜವಾಗಿ ತಾಳ್ಮೆ ಬೇಕು, ಒದ್ದೆ ಮರಕ್ಕೆ ಎಪಾಕ್ಸಿ (ಎರಡು ದ್ರವ ಬೆರೆಸಿ ಗಟ್ಟಿಯಾಗಿಸುವ ರಾಳ) ಹಿಡಿಯುವುದಿಲ್ಲ. ಕೆಳಗಿನ ಬಾಯಿಗೆ ಟೇಪ್ ಹಾಕಿ. ಮೊದಲು ತೆಳು ಎಪಾಕ್ಸಿಯನ್ನು ಬ್ರಷ್‌ನಿಂದ ಮರಕ್ಕೆ ಕುಡಿಸಿ, ಅದು ಅಂಟಂಟಾಗಿರುವಾಗಲೇ ಸಿಲಿಕಾ ಪುಡಿ ಬೆರೆಸಿ ದಪ್ಪ ಮಾಡಿದ ಎಪಾಕ್ಸಿ ತುಂಬಿ. ತೂತು ದೊಡ್ಡದಾದರೆ ಎರಡು ಸಲ ತುಂಬಿ. ಒಂದೇ ಸಲ ಸುರಿದರೆ ಬಿಸಿ ಏರಿ ಹೊಗೆ ಬರುತ್ತದೆ, ಬಿರುಕೂ ಬಿಡುತ್ತದೆ. ಪೂರ್ತಿ ಗಟ್ಟಿಯಾದ ಮೇಲೆ ಅದರ ನಟ್ಟನಡುವೆ ಬೇಕಾದ ಅಳತೆಯ ಹೊಸ ತೂತು ಕೊರೆಯಿರಿ. ಈಗ ತೂತಿನ ಗೋಡೆ ಪೂರ್ತಿ ಎಪಾಕ್ಸಿ. ಮುಂದೆ ಎಂದಾದರೂ ಸೀಲಂಟ್ ಕೈಕೊಟ್ಟರೂ ನೀರು ಕ್ಯಾಬಿನ್‌ಗೆ ಬರುತ್ತದೆಯೇ ಹೊರತು ಡೆಕ್ ಒಳಗೆ ಹೋಗುವುದಿಲ್ಲ. ಗ್ಲ್ಯಾಂಡಿನ ಸ್ಕ್ರೂ ತೂತುಗಳಿಗೂ ಇದೇ ಉಪಚಾರ ಬೇಕು. ನಡುವಿನ ತೂತಿಗೆ ಇಷ್ಟೆಲ್ಲ ಮಾಡಿ ನಾಲ್ಕು ಸ್ಕ್ರೂಗಳನ್ನು ಬರಿ ಬಾಲ್ಸಾಗೆ ತಿರುಗಿಸಿದ ಗ್ಲ್ಯಾಂಡುಗಳು ಬಹಳ ಇವೆ.

ಮರದ ದೋಣಿಯಲ್ಲಿ ತೂತಿನ ಒಳಗೋಡೆಗೆ ಎಪಾಕ್ಸಿ ಕುಡಿಸಿದರೆ ಸಾಕು. ಉಕ್ಕು ಅಥವಾ ಅಲ್ಯೂಮಿನಿಯಂ ಡೆಕ್ ಆದರೆ ಒಂದು ಕುತ್ತಿಗೆ ಪೈಪನ್ನು ಬೆಸುಗೆ ಹಾಕಿಸುವುದು ಎಲ್ಲಕ್ಕಿಂತ ಒಳ್ಳೆಯದು, ತಳದ ಸಂದೇ ಇಲ್ಲದಂತಾಗುತ್ತದೆ. ಅಲ್ಯೂಮಿನಿಯಂ ಮೇಲೆ ಸ್ಟೇನ್‌ಲೆಸ್ ಗ್ಲ್ಯಾಂಡನ್ನು ನೇರವಾಗಿ ಕೂರಿಸಬೇಡಿ. ಉಪ್ಪು ನೀರಿನಲ್ಲಿ ಎರಡು ಲೋಹ ಸೇರಿದರೆ ಅಲ್ಯೂಮಿನಿಯಂ ಸವೆಯುತ್ತದೆ. ನಡುವೆ ಪ್ಲಾಸ್ಟಿಕ್ ವಾಷರ್ ಇರಲಿ, ಬೋಲ್ಟಿಗೂ ಪ್ಲಾಸ್ಟಿಕ್ ತೋಳು ಹಾಕಿ.

ಯಾವ ಸೀಲಂಟ್?

ಪಾಲಿಯುರಿಥೇನ್ ಬಲವಾಗಿ ಅಂಟುತ್ತದೆ. ಅದರಲ್ಲಿ ತೀರಾ ಗಟ್ಟಿ ಹಿಡಿಯುವ ಬಗೆಯನ್ನು ಗ್ಲ್ಯಾಂಡಿಗೆ ಹಾಕಿದರೆ ಮುಂದೆ ಬಿಚ್ಚುವಾಗ ಡೆಕ್‌ನ ಮೇಲ್ಪದರವೇ ಕಿತ್ತು ಬರುತ್ತದೆ. ಮುಂದೊಂದು ದಿನ ಬಿಚ್ಚಲೇಬೇಕಾದ ವಸ್ತು ಇದು, ಹಾಗಾಗಿ ನನಗೆ ಬ್ಯೂಟೈಲ್ ಟೇಪ್ ಇಷ್ಟ. ಅದು ಎಂದೂ ಒಣಗಿ ಗಟ್ಟಿಯಾಗುವುದಿಲ್ಲ, ಡೆಕ್ ಬಾಗಿದಂತೆ ತಾನೂ ಹಿಗ್ಗುತ್ತದೆ. ಡೀಸೆಲ್, ಪೆಟ್ರೋಲ್ ಚೆಲ್ಲುವ ಜಾಗಕ್ಕೆ ಮಾತ್ರ ಬೇಡ. ಪಾಲಿಸಲ್ಫೈಡ್ ಕೂಡ ಒಳ್ಳೆಯದು, ಆದರೆ ಅಕ್ರಿಲಿಕ್, ಪಾಲಿಕಾರ್ಬೊನೇಟ್, ಎಬಿಎಸ್ ಪ್ಲಾಸ್ಟಿಕ್‌ಗಳನ್ನು ಅದು ತಿಂದು ಬಿರುಕು ಬಿಡಿಸುತ್ತದೆ. ಗ್ಲ್ಯಾಂಡ್ ಯಾವ ಪ್ಲಾಸ್ಟಿಕ್ ಅಂತ ಗೊತ್ತಿಲ್ಲದಿದ್ದರೆ ಹಾಕಬೇಡಿ.

ಸಿಲಿಕೋನ್ ಬಗ್ಗೆ ನನ್ನ ಮಾತು ಚುಟುಕು: ಡೆಕ್ ಮೇಲೆ ಬೇಡ. ಅದು ಬಿಟ್ಟುಹೋಗುವ ಜಿಡ್ಡಿನ ಮೇಲೆ ಆಮೇಲೆ ಬಣ್ಣವೂ ನಿಲ್ಲದು, ಬೇರೆ ಸೀಲಂಟೂ ಹಿಡಿಯದು. ವಿನೆಗರ್ ವಾಸನೆ ಬರುವ ಸಿಲಿಕೋನ್ ಅಂತೂ ತಾಮ್ರವನ್ನೇ ತಿನ್ನುತ್ತದೆ, ವೈರಿನ ತುದಿಗೆ ಎಂದೂ ಹಚ್ಚಬೇಡಿ. ಹಿಂದಿನವರು ಸಿಲಿಕೋನ್ ಹಾಕಿದ್ದರೆ ಬ್ಲೇಡಿನಿಂದ ಕೆರೆದು, ಮರಳು ಕಾಗದದಿಂದ ಉಜ್ಜಿ, ಅಸಿಟೋನ್ ಬಟ್ಟೆಯಿಂದ ಒರೆಸಿ, ಅದು ಆರಿದ ಮೇಲೆಯೇ ಹೊಸದು ಹಾಕಿ.

ಕೂರಿಸುವಾಗ ತೂತಿನ ಮೇಲಂಚನ್ನು ಸ್ವಲ್ಪ ಓರೆಯಾಗಿ ಕೆರೆಯಿರಿ. ಆ ಓರೆಯಲ್ಲಿ ಕೂತ ಸೀಲಂಟ್ ತಾನೇ ಒಂದು ಉಂಗುರದ ವಾಷರ್ ಆಗುತ್ತದೆ. ಅಂಚು ಚಪ್ಪಟೆಯಾಗಿದ್ದರೆ ಬಿಗಿ ಮಾಡುತ್ತಿದ್ದಂತೆ ಎಲ್ಲಾ ಹೊರಗೆ ಹಿಂಡಿಹೋಗಿ ಕಾಗದದಷ್ಟು ತೆಳು ಪದರ ಉಳಿಯುತ್ತದೆ. ಬ್ಯೂಟೈಲ್ ಆದರೆ ಒಂದೇ ದಿನ ಪೂರ್ತಿ ಬಿಗಿಸಬೇಡಿ. ಇವತ್ತು ಸ್ವಲ್ಪ, ನಾಳೆ ಸ್ವಲ್ಪ. ಬಿಗಿಸುವಾಗ ಒಳಗಿನ ನಟ್ ತಿರುಗಲಿ, ಮೇಲಿನ ಬೋಲ್ಟ್ ತಿರುಗಬಾರದು. ಬೋಲ್ಟ್ ತಿರುಗಿದರೆ ಅದರ ಸುತ್ತ ಕೂತ ಸೀಲಂಟ್ ಹರಿದುಹೋಗುತ್ತದೆ.

ರಬ್ಬರ್ ಮತ್ತು ಕೇಬಲ್ ನಡುವೆ ಸೋರುತ್ತಿದ್ದರೆ

ಈ ದೋಷಕ್ಕೆ ಕಾರಣ ಬಹುತೇಕ ಅಳತೆ. ಗ್ಲ್ಯಾಂಡ್ ಮೇಲೆ ಎಂ20 ಅಂತ ಇದ್ದರೆ ಅದು ಥ್ರೆಡ್ಡಿನ ಅಳತೆ, ಕೇಬಲ್‌ನದ್ದಲ್ಲ. ಒಳಗಿನ ರಬ್ಬರ್ ಎಷ್ಟು ದಪ್ಪದಿಂದ ಎಷ್ಟು ದಪ್ಪದವರೆಗಿನ ಕೇಬಲ್ ಹಿಡಿಯುತ್ತದೆ ಅಂತ ಬೇರೆಯಾಗಿ ಕೊಟ್ಟಿರುತ್ತಾರೆ. ಕೇಬಲ್ ಅದರ ಕೆಳ ಮಿತಿಯಲ್ಲಿದ್ದರೆ ನಟ್ ಎಷ್ಟು ಬಿಗಿಸಿದರೂ ಹಿಡಿತ ಸಾಲದು. ವರ್ನಿಯರ್ ಕ್ಯಾಲಿಪರ್‌ನಿಂದ ಕೇಬಲ್ ಅಳೆದು, ಅದರ ದಪ್ಪ ಆ ಮಿತಿಯ ನಡುವೆ ಬರುವ ಗ್ಲ್ಯಾಂಡ್ ಆರಿಸಿ.

ಎರಡನೆಯ ಕಾರಣ ಆಕಾರ. ಗ್ಲ್ಯಾಂಡಿಗೆ ದುಂಡು ಕೇಬಲ್ ಬೇಕು. ಚಪ್ಪಟೆ ಜೋಡಿ ವೈರ್ ಹಾಕಿದರೆ ಎರಡು ಬದಿಯಲ್ಲೂ ಸಂದು ಉಳಿಯುತ್ತದೆ. ಒಂದೇ ತೂತಿನಲ್ಲಿ ಎರಡು ದುಂಡು ಕೇಬಲ್ ತೂರಿಸಿದರೆ ಅವೆರಡರ ನಡುವಿನ ಕಣಿವೆಯಲ್ಲಿ ನೀರು ಆರಾಮಾಗಿ ಇಳಿಯುತ್ತದೆ. ಅದಕ್ಕೆ ಎರಡು ಅಥವಾ ಮೂರು ತೂತಿನ ರಬ್ಬರ್ ಇರುವ ಗ್ಲ್ಯಾಂಡ್ ಸಿಗುತ್ತದೆ. ಬಳಸದ ತೂತಿಗೆ ಅದೇ ದಪ್ಪದ ಪ್ಲಾಸ್ಟಿಕ್ ಕಡ್ಡಿ ತುರುಕಿ.

ದೊಡ್ಡ ಕನೆಕ್ಟರ್ ಇರುವ ಕೇಬಲ್‌ಗಳದ್ದು ಇನ್ನೊಂದು ಕಥೆ. ವಿಎಚ್‌ಎಫ್ ರೇಡಿಯೊದ ಪಿಎಲ್-259 ಕನೆಕ್ಟರ್ ಸುಮಾರು 18 ಮಿ.ಮೀ. ದಪ್ಪ. ಅದರ ಆರ್‌ಜಿ-58 ಕೇಬಲ್ ಮಾತ್ರ ಬರೀ 5 ಮಿ.ಮೀ. ಕನೆಕ್ಟರ್ ತೂರಲು ತೂತು ದೊಡ್ಡದು ಮಾಡಿ, ಉಳಿದ ಜಾಗಕ್ಕೆ ಸೀಲಂಟ್ ತುಂಬಿದ್ದರೆ ಅದು ಸೋರಲು ಕಾಯುತ್ತಿದೆ ಅಂತಲೇ ಲೆಕ್ಕ. ಸೀಳಿದ ರಬ್ಬರ್ ಇರುವ ಗ್ಲ್ಯಾಂಡ್ ಹಾಕಿ, ಕನೆಕ್ಟರ್ ತೂರಿದ ಮೇಲೆ ರಬ್ಬರನ್ನು ಕೇಬಲ್ ಸುತ್ತ ಕೂರಿಸಬಹುದು. ಇಲ್ಲವೇ ಕನೆಕ್ಟರ್ ಕತ್ತರಿಸಿ ಒಳಗೆ ಹೊಸದನ್ನು ಹಾಕಿ.

ರಬ್ಬರ್ ಬಿಸಿಲಿಗೆ ಗಟ್ಟಿಯಾಗಿದ್ದರೆ ಬದಲಿಸಿ, ಬೇರೆ ಉಪಾಯವಿಲ್ಲ. ಹೊಸದಕ್ಕೆ ತೆಳ್ಳಗೆ ಸಿಲಿಕೋನ್ ಗ್ರೀಸ್ ಸವರಿ. ಸಿಲಿಕೋನ್ ಸೀಲಂಟ್ ಅಲ್ಲ, ಗ್ರೀಸ್. ವ್ಯಾಸಲೀನ್ ಬೇಡ, ಕೆಲವು ರಬ್ಬರ್ ಅದರಿಂದ ಊದಿಕೊಳ್ಳುತ್ತವೆ. ಕೇಬಲ್ ಗ್ಲ್ಯಾಂಡಿನಿಂದ ಹೊರಬಂದ ಕೂಡಲೇ ಪಕ್ಕಕ್ಕೆ ಬಾಗಿದ್ದರೆ ಒಂದು ಬದಿಯ ರಬ್ಬರ್ ಒತ್ತಿಹೋಗಿ ಇನ್ನೊಂದು ಬದಿ ಬಾಯಿ ತೆರೆಯುತ್ತದೆ. ಸ್ವಲ್ಪ ದೂರ ನೆಟ್ಟಗೆ ಹೋಗಿ ಆಮೇಲೆ ಬಾಗಲಿ, ಬಾಗಿದ ಕಡೆ ಒಂದು ಕ್ಲಿಪ್ ಇರಲಿ.

ಧೂಳು, ನೀರನ್ನು ಎಷ್ಟು ತಡೆಯುತ್ತದೆ ಅಂತ ಹೇಳುವ ಐಪಿ ಸಂಖ್ಯೆಯ ಬಗ್ಗೆ ಒಂದು ಮಾತು. ಐಪಿ67 ಅಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೆ ತೊಂದರೆಯಿಲ್ಲ ಅಂತ. ಐಪಿ66 ಅಂದರೆ ಜೋರು ಧಾರೆ ತಡೆಯುತ್ತದೆ ಅಂತ. ಮುಳುಗಿದರೆ ತಡೆಯುವುದು ಧಾರೆಯನ್ನೂ ತಡೆಯಲೇಬೇಕು ಅಂತೇನಿಲ್ಲ. ಡೆಕ್ ಮೇಲೆ ಅಲೆ ಬಂದು ಅಪ್ಪಳಿಸುವುದು ಧಾರೆಗೆ ಹತ್ತಿರ. ಎರಡೂ ಸಂಖ್ಯೆ ಇರುವುದನ್ನು ಕೊಳ್ಳಿ. ಕೇಬಲ್ ಅಳತೆ ತಪ್ಪಿದರೆ ಯಾವ ಸಂಖ್ಯೆಗೂ ಅರ್ಥವಿಲ್ಲ.

ಕೇಬಲ್ ಒಳಗಿಂದಲೇ ಬರುತ್ತಿದ್ದರೆ

ಗ್ಲ್ಯಾಂಡ್ ಒಣಗಿದೆ, ಡೆಕ್ ಒಣಗಿದೆ, ಆದರೂ ಜಂಕ್ಷನ್ ಬಾಕ್ಸಿನಲ್ಲಿ ನೀರು. ಜನ ಇಲ್ಲಿ ದಿಕ್ಕು ತಪ್ಪುತ್ತಾರೆ. ಹಲವು ಎಳೆಗಳ ವೈರ್ ದೀಪದ ಬತ್ತಿ ಎಣ್ಣೆ ಎಳೆಯುವ ಹಾಗೆ ನೀರನ್ನು ಎಳೆದುಕೊಳ್ಳುತ್ತದೆ. ಮೇಲಿನ ದೀಪದ ಹೋಲ್ಡರ್, ಆಂಟೆನಾದ ಬುಡ ಅಥವಾ ಹೊರಕವಚದ ಒಂದು ಗಾಯ, ಎಲ್ಲಿಂದಾದರೂ ನೀರು ಒಳ ಹೊಕ್ಕರೆ ಸಾಕು. ಇಳಿಜಾರು ಸಿಕ್ಕರೆ ಮೀಟರುಗಟ್ಟಲೆ ಇಳಿದು ಒಳಗಿನ ತುದಿಯಲ್ಲಿ ಹೊರಬರುತ್ತದೆ. ಹಗಲು ಕೇಬಲ್ ಕಾದು ಒಳಗಿನ ಗಾಳಿ ಹಿಗ್ಗುತ್ತದೆ, ರಾತ್ರಿ ತಣ್ಣಗಾಗಿ ಕುಗ್ಗಿ ತುದಿಯಲ್ಲಿರುವ ನೀರನ್ನು ಒಳಗೆ ಎಳೆಯುತ್ತದೆ.

ಒಳಗಿನ ತುದಿಯಲ್ಲಿ ಒಂದು ಬೆರಳುದ್ದ ಹೊರಕವಚ ಸೀಳಿ ನೋಡಿ. ತಾಮ್ರ ಕೆಂಪಗೆ ಹೊಳೆದರೆ ಸರಿ. ಹಸಿರು ಕಿಲುಬು ಅಥವಾ ಕಪ್ಪು ಬಣ್ಣ ಇದ್ದರೆ ಇನ್ನಷ್ಟು ಹಿಂದಕ್ಕೆ ಕತ್ತರಿಸಿ. ಕೆಲವು ಸಲ ತುದಿಯ ಒಂದು ಗೇಣು ಹಾಳಾಗಿರುತ್ತದೆ, ಅದನ್ನು ತೆಗೆದರೆ ಮುಗಿಯಿತು. ಎಷ್ಟು ಕತ್ತರಿಸಿದರೂ ಕಪ್ಪೇ ಬರುತ್ತಿದ್ದರೆ ಇಡೀ ಕೇಬಲ್ ಬದಲಿಸಿ. ಕಪ್ಪಾದ ತಾಮ್ರಕ್ಕೆ ಬೆಸುಗೆ ಹಿಡಿಯುವುದಿಲ್ಲ, ಒತ್ತಿದ ಟರ್ಮಿನಲ್ ಕೂಡ ಬಿಸಿಯಾಗುತ್ತದೆ. ಹೊಸ ಕೇಬಲ್ ತರುವಾಗ ಪ್ರತಿ ಎಳೆಗೂ ಕಲಾಯಿ ಹಾಕಿದ್ದನ್ನೇ ತನ್ನಿ. ಒಂದು ವಿಷಯ ನೆನಪಿರಲಿ: ಕಲಾಯಿ ತುಕ್ಕನ್ನು ತಡೆಯುತ್ತದೆ, ನೀರು ಹೀರುವುದನ್ನು ತಡೆಯುವುದಿಲ್ಲ. ಅದಕ್ಕೆ ಮೇಲಿನ ತುದಿಯನ್ನು ಮುಚ್ಚಬೇಕು. ಒಳಗೆ ಅಂಟು ಇರುವ ಹೀಟ್ ಶ್ರಿಂಕ್ (ಬಿಸಿಗೆ ಕುಗ್ಗಿ ಹಿಡಿಯುವ) ತೋಳು ಹಾಕಿ, ಅಂಟು ಅಂಚಿನಿಂದ ಇಣುಕುವವರೆಗೆ ಕಾಯಿಸಿ. ಸಾಮಾನ್ಯ ತೋಳು ಹಾಕಿದರೆ ಸುಮ್ನೆ ಅಲಂಕಾರ.

ಆಂಟೆನಾ ಕೇಬಲ್‌ನಲ್ಲಿ ಹೆಣೆದ ಜಾಲರಿ ಇರುತ್ತದೆ, ನೀರು ಹೀರಲು ಅದಕ್ಕಿಂತ ಒಳ್ಳೆಯ ಸಾಧನ ಬೇಡ. ಪಿಎಲ್-259 ತಾನಾಗಿ ನೀರು ತಡೆಯುವ ಕನೆಕ್ಟರ್ ಅಲ್ಲ. ಹೊರಗಿರುವ ಜೋಡಣೆಗೆ ತನ್ನಷ್ಟಕ್ಕೆ ಬೆಸೆದುಕೊಳ್ಳುವ ರಬ್ಬರ್ ಟೇಪನ್ನು ಎಳೆದು ಹಿಗ್ಗಿಸಿ, ಕೆಳಗಿನಿಂದ ಮೇಲಕ್ಕೆ, ಅರ್ಧರ್ಧ ಮೇಲೆ ಬರುವ ಹಾಗೆ ಸುತ್ತಿ. ಅದರ ಮೇಲೆ ಬಿಸಿಲು ತಡೆಯಲು ಒಂದು ಸುತ್ತು ಸಾಮಾನ್ಯ ಟೇಪ್.

ಹಾಯಿಕಂಬದ ಬುಡದಲ್ಲಿ

ಕಂಬ ಡೆಕ್ ತೂರಿ ತಳದವರೆಗೆ ಹೋಗಿದ್ದರೆ ಕಂಬದ ಒಳಗೆ ಸುರಿದ ಮಳೆ ಕೇಬಲ್ ಗುಂಟ ನೇರ ಕ್ಯಾಬಿನ್‌ಗೆ ಬರುತ್ತದೆ. ಅದು ಗ್ಲ್ಯಾಂಡಿನ ತಪ್ಪಲ್ಲ. ಕೇಬಲ್ ಕಂಬದಿಂದ ಹೊರಬರುವ ಜಾಗದಲ್ಲಿ ಒಂದು ಇಳಿ ಕುಣಿಕೆ ಬಿಡಿ, ಅಂದರೆ ಕೇಬಲ್ ಮೊದಲು ಕೆಳಗಿಳಿದು ಆಮೇಲೆ ಮೇಲೇರಿ ಬಾಕ್ಸ್ ಸೇರಲಿ. ಹನಿ ಕುಣಿಕೆಯ ತಳದಲ್ಲೇ ಬಿದ್ದುಹೋಗುತ್ತದೆ. ಕೇಬಲ್ ಒಳಗಿನ ನೀರಿಗೆ ಇದು ಮದ್ದಲ್ಲ, ಮೈಮೇಲಿನ ನೀರಿಗೆ ಮಾತ್ರ.

ಕಂಬ ಡೆಕ್ ಮೇಲೇ ನಿಂತಿದ್ದು ನಾಲ್ಕೈದು ಕೇಬಲ್ ಒಳಗೆ ಹೋಗಬೇಕಿದ್ದರೆ ನಾಲ್ಕೈದು ಗ್ಲ್ಯಾಂಡಿಗಿಂತ ಒಂದು ಹಂಸಕತ್ತಿನ ಪೈಪ್ ಮೇಲು. ಬಾಯಿ ಕೆಳಮುಖವಾಗಿ ಬಾಗಿದ ದಪ್ಪ ಪೈಪ್ ಅದು. ಕನೆಕ್ಟರ್ ಸಮೇತ ತೂರುತ್ತದೆ, ಯಾವ ಅಳತೆಯ ಗೊಡವೆಯೂ ಇಲ್ಲ. ಬಾಯಿ ದೋಣಿಯ ಹಿಂಭಾಗದ ಕಡೆಗಿರಲಿ. ಅದು ಸೋರುತ್ತಿದ್ದರೆ ಕಾರಣ ಎರಡೇ: ತಳದ ಸೀಲಂಟ್ ಬಿಟ್ಟಿದೆ, ಅಥವಾ ಬಾಯಿಗೆ ತುರುಕಿದ ಫೋಮ್ ಬಿದ್ದುಹೋಗಿ ಅಲೆಯ ನೀರು ಕೆಳಗಿನಿಂದ ಚಿಮ್ಮಿ ಒಳಹೋಗುತ್ತಿದೆ.

ಪೈಪಿನೊಳಗಿನ ವೈರ್, ತಡೆಗೋಡೆಯ ತೂತು

ಲಂಗರು ಸರಪಳಿಯ ಗೂಡಿನಲ್ಲಿ ನೀರು ಯಾವಾಗಲೂ ಇರುತ್ತದೆ. ಅಲ್ಲಿಂದ ಮೋಟಾರ್ ಕೇಬಲ್ ಪ್ಲಾಸ್ಟಿಕ್ ಪೈಪಿನೊಳಗೆ ಕ್ಯಾಬಿನ್‌ಗೆ ಬಂದಿದ್ದರೆ ಆ ಪೈಪೇ ಕಾಲುವೆ. ದೋಣಿ ಮುಗ್ಗರಿಸಿದಾಗ ಏನೂ ಇಲ್ಲ, ಮೂತಿ ಎತ್ತಿದಾಗ ಒಳಗೆ ನೀರು. ಪೈಪಿನ ಎರಡೂ ತುದಿಯನ್ನು ಬಿಚ್ಚಬಹುದಾದ ಪುಟ್ಟಿಯಿಂದ ಮುಚ್ಚಿ. ತಡೆಗೋಡೆಯಲ್ಲಿ ಕೇಬಲ್ ತೂತು ಆದಷ್ಟು ಮೇಲ್ಗಡೆ ಇರಲಿ, ಗ್ಲ್ಯಾಂಡ್ ಹಾಕಿ. ನೀರು ತಡೆಯಲೆಂದೇ ಕಟ್ಟಿದ ಗೋಡೆಗೆ ಬರಿ ತೂತು ಕೊರೆದು ವೈರ್ ತೂರಿಸಿದರೆ ಆ ಗೋಡೆ ಇದ್ದೂ ಇಲ್ಲದ ಹಾಗೆ.

ವೈರಿಗೆ ಏನಾಗಿದೆ ಅಂತ ನೋಡಿ

ಸೋರುವುದು ನಿಂತ ಮೇಲೂ ವೈರ್ ಪರೀಕ್ಷಿಸಬೇಕು. ಮೇನ್ ಸ್ವಿಚ್ ಮತ್ತೆ ಹಾಕಿ, ದೀಪ ಉರಿಸಿ ಬ್ಯಾಟರಿ ತುದಿಯಲ್ಲೂ ದೀಪದ ತುದಿಯಲ್ಲೂ ವೋಲ್ಟೇಜ್ ಅಳೆಯಿರಿ. ಸಂಚಾರ ದೀಪಗಳಿಗೆ (ರಾತ್ರಿ ಬೇರೆ ದೋಣಿಗಳಿಗೆ ಕಾಣಲು ಹಾಕುವ ದೀಪ) ವೋಲ್ಟೇಜ್ ನಷ್ಟ 3 ಶೇಕಡಾ ಮೀರಬಾರದು ಅನ್ನುವುದು ದೋಣಿ ವೈರಿಂಗ್‌ನ ಒಪ್ಪಿತ ಲೆಕ್ಕ, 12 ವೋಲ್ಟಿಗೆ 0.36 ವೋಲ್ಟ್. ಜಾಸ್ತಿ ಇದ್ದರೆ ಒಂದೊಂದೇ ಜೋಡಣೆಯ ಎರಡೂ ಬದಿ ಅಳೆಯುತ್ತಾ ಹೋಗಿ, ವೋಲ್ಟೇಜ್ ತಟ್ಟನೆ ಇಳಿಯುವ ಜೋಡಣೆಯಲ್ಲಿ ಕಿಲುಬು ಕೂತಿದೆ.

ಆಮೇಲೆ ಮೇನ್ ಸ್ವಿಚ್ ಮತ್ತೆ ಆಫ್ ಮಾಡಿ, ಕೇಬಲ್‌ನ ಎರಡೂ ತುದಿ ಬಿಚ್ಚಿ, ಪಾಸಿಟಿವ್ ಮತ್ತು ನೆಗೆಟಿವ್ ನಡುವೆ ಮಲ್ಟಿಮೀಟರಿನ ಅತಿ ದೊಡ್ಡ ಓಮ್ ಮಟ್ಟದಲ್ಲಿ ನೋಡಿ. ಏನೂ ತೋರಿಸಬಾರದು. ಕೆಲವು ನೂರು ಕಿಲೋ ಓಮ್ ತೋರಿಸಿದರೆ ಒಳಗೆ ತೇವ ಇದೆ. ಮೆಗ್ಗರ್ (ಹೆಚ್ಚು ವೋಲ್ಟೇಜಿನಲ್ಲಿ ವೈರಿನ ಹೊದಿಕೆ ಪರೀಕ್ಷಿಸುವ ಮೀಟರ್) ಇದ್ದರೆ ಇನ್ನೂ ಖಚಿತ, ಆದರೆ ಅದರ 500 ವೋಲ್ಟ್ ರೇಡಿಯೊ, ಚಾರ್ಜರ್‌ಗಳನ್ನು ಸುಟ್ಟುಬಿಡುತ್ತದೆ. ಎಲ್ಲವನ್ನೂ ಬಿಚ್ಚಿದ ಮೇಲೆಯೇ ಹಚ್ಚಿ. ಈ ಪರೀಕ್ಷೆಯನ್ನು ಬಿಡಬೇಡಿ. ಪಾಸಿಟಿವ್ ವೈರಿನಿಂದ ತಳದ ನೀರಿಗೆ ಕರೆಂಟ್ ಸೋರುತ್ತಿದ್ದರೆ ಅದು ನೀರಿನಡಿಯ ಲೋಹದ ಭಾಗಗಳನ್ನು ಕೆಲವೇ ದಿನ, ವಾರಗಳಲ್ಲಿ ತಿಂದುಹಾಕಬಲ್ಲದು.

ರಿಪೇರಿ ಆದ ಮೇಲೆ

ಸೀಲಂಟ್ ಪೂರ್ತಿ ಗಟ್ಟಿಯಾಗಲು ಬಿಡಿ. ಪಾಲಿಯುರಿಥೇನ್‌ಗೆ ಕೆಲವು ಬಗೆಯಲ್ಲಿ ಒಂದು ವಾರವೂ ಬೇಕಾಗುತ್ತದೆ, ಮೇಲ್ಮೈ ಒಣಗಿತು ಅಂದರೆ ಒಳಗೂ ಒಣಗಿತು ಅಂತಲ್ಲ. ಆಮೇಲೆ ಅದೇ ಕ್ಲೇ ಕಟ್ಟೆ, ಅದೇ ಟಿಶ್ಯೂ, ಅದೇ ಅರ್ಧ ಗಂಟೆ.

ಅದಕ್ಕೂ ಮೊದಲು ಒಳಗೆ ಉಪ್ಪು ನೀರು ಹರಿದ ಜಾಗವನ್ನೆಲ್ಲ ಸಿಹಿ ನೀರಿನ ಬಟ್ಟೆಯಿಂದ ಒರೆಸಿ ಒಣಗಿಸಿ. ಕೇಬಲ್ ಮೈ, ನಟ್, ಮರದ ಹಲಗೆ, ಎಲ್ಲ. ಉಪ್ಪು ಗಾಳಿಯಿಂದ ತೇವ ಎಳೆದುಕೊಳ್ಳುತ್ತದೆ. ಒರೆಸದೆ ಬಿಟ್ಟರೆ ತೂತು ಪೂರ್ತಿ ಮುಚ್ಚಿದ್ದರೂ ತೇವದ ದಿನ ಆ ಜಾಗ ಒದ್ದೆಯಾಗಿ ಕಾಣುತ್ತದೆ. ಅದನ್ನು ನೋಡಿ ಸರಿಯಾಗಿರುವ ಗ್ಲ್ಯಾಂಡನ್ನು ಮತ್ತೆ ಬಿಚ್ಚುವವರಿದ್ದಾರೆ.